ಪರದೇಶಿಯ ಬುತ್ತಿ

ಕನ್ನಡದಲ್ಲಿ 'ಪರದೇಶಿ' ಎಂಬುದೊಂದು ಮಾತಿದೆ. ಬೇರೆ ನಾಡಿನವನು ಎಂಬುದಷ್ಟೆ ಅದರ ಮೂಲಾರ್ಥ. ಆದರೆ ಮನೆಮಾತಿನಲ್ಲಿ ಅದು ಆ ಅರ್ಥವನ್ನು ಬಿಟ್ಟುಕೊಟ್ಟು ಬಹುಕಾಲವಾಯಿತು. ತಾಯಿ ಸತ್ತ ಮಗುವನ್ನು ಕಂಡು ನೆರೆಮನೆಯ ಹೆಂಗಸು, "ಪಾಪ, ಕೂಸು ಪರದೇಶಿ ಆಯಿತು" ಎನ್ನುತ್ತಾಳೆ. ಹುಟ್ಟಿದ ಓಣಿಯನ್ನು ಒಂದು ದಿನವೂ ದಾಟದ ಕೂಸು ಅದು, ಆದರೂ ಪರದೇಶಿ! ತನ್ನವರಿಲ್ಲದವನೇ ಪರದೇಶಿ, ಅವನಿಗಿಂತ ಬಡವನಿಲ್ಲ ಎಂದು ಭಾಷೆ ತೀರ್ಮಾನ ಮಾಡಿಬಿಟ್ಟಿದೆ. ವಿಚಿತ್ರವೆಂದರೆ ಅರಬ್ಬಿ ಭಾಷೆಯ 'ಗರೀಬ್' ಎಂಬ ಮಾತೂ ಇದೇ ಹಾದಿಯನ್ನು ತುಳಿದಿದೆ. ಅಪರಿಚಿತ, ಹೊರನಾಡಿನಿಂದ ಬಂದವನು ಎಂದು ಅದರ ಮೊದಲ ಅರ್ಥ. ಉರ್ದುವಿಗೂ ಅಲ್ಲಿಂದ ಕನ್ನಡಕ್ಕೂ ಬರುವ ಹೊತ್ತಿಗೆ ಆ ಅಪರಿಚಿತನು ಬಡವನಾಗಿ ಬಂದನು. ಒಂದನ್ನೊಂದು ಕೇಳದೆ ಎರಡು ಭಾಷೆಗಳು ಒಂದೇ ತೀರ್ಪು ಕೊಟ್ಟಿವೆಯೆಂದರೆ, ಅದರ ಹಿಂದೆ ಎಷ್ಟು ಜನರ ಅನುಭವವಿದ್ದೀತು!

ಆದರೆ ಊರು ಬಿಡುವವನು ಬರಿಗೈಯಲ್ಲಿ ಹೊರಡುವುದಿಲ್ಲ. ಉತ್ತರ ಕರ್ನಾಟಕದ ಮನೆಯಲ್ಲಾದರೆ ನಾಲ್ಕು ಜೋಳದ ರೊಟ್ಟಿ, ಒಂದು ಹಿಡಿ ಶೇಂಗಾ ಹಿಂಡಿ ಕಟ್ಟಿದ ಬುತ್ತಿಯೊಂದು ಅವನ ಕೈಯಲ್ಲಿರುತ್ತದೆ. ಅದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಬುತ್ತಿಯೂ ಇರುತ್ತದೆ. ತಾಯಿಯಾಡಿದ ಮಾತು, ಕೇಳಿದ ಹಾಡು, ನಂಬಿದ ದೇವರು, ಹಬ್ಬದ ಅಡಿಗೆ, ಕೈಗೆ ಬಂದ ಕಸುಬು, ಇವೆಲ್ಲ ಆ ಬುತ್ತಿಯೊಳಗಿನವು. ರೊಟ್ಟಿಯ ಬುತ್ತಿ ಮೂರು ದಿನಕ್ಕೆ ತೀರುತ್ತದೆ. ಈ ಎರಡನೆಯ ಬುತ್ತಿ ಎಷ್ಟು ದಿನ ಬಂದೀತು? ಮಗನ ತನಕವೆ? ಮೊಮ್ಮಗಳ ತನಕವೆ? ಕರ್ನಾಟಕದ ಮಧ್ಯಮ ವರ್ಗದ ಎಷ್ಟೋ ಮನೆಗಳಲ್ಲಿ ಹಿರಿಯರು ಈ ಪ್ರಶ್ನೆಯನ್ನು ಬಾಯಿ ಬಿಟ್ಟು ಆಡದೆ ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ಮಗ ಡಲ್ಲಾಸಿನಲ್ಲಿಯೋ ಸಿಡ್ನಿಯಲ್ಲಿಯೋ ನೆಲೆಸಿರುತ್ತಾನೆ. ಮೊಮ್ಮಕ್ಕಳು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರುತ್ತಾರೆ, ಕಾಲಿಗೆ ನಮಸ್ಕರಿಸುತ್ತಾರೆ, ಹೋಗುತ್ತಾರೆ.

ಕಲಬುರಗಿಯ ಬ್ರಹ್ಮಪುರದ ಒಂದು ಮನೆಯಲ್ಲಿ ಈ ಪ್ರಶ್ನೆ ಒಂದು ಹಳೆಯ ನೋಟುಬುಕ್ಕಿನ ರೂಪದಲ್ಲಿ ಟ್ರಂಕಿನೊಳಗೆ ಕುಳಿತಿತ್ತು.

ಆ ಮನೆಯ ಯಜಮಾನರು ನಿವೃತ್ತರಾದ ಮಾಸ್ತರರು. ಹುಟ್ಟಿದ್ದು ಕಮಲಾಪುರದ ಸೀಮೆಯ ಒಂದು ಹಳ್ಳಿಯಲ್ಲಿ, ಕೆಂಪು ಬಾಳೆಹಣ್ಣಿಗೆ ಹೆಸರಾದ ನೆಲದಲ್ಲಿ. ಅವರ ತಂದೆ ನಿಜಾಮರ ಕಾಲದವರು. ಕಚೇರಿಯಲ್ಲಿ ಉರ್ದು ಬರೆದು ಮನೆಯಲ್ಲಿ ಕನ್ನಡವಾಡಿದವರು. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ ಕನ್ನಡ ನಾಡಿನೊಡನೆ ಕೂಡಿಕೊಂಡಿತು. ಕನ್ನಡ ಶಾಲೆಗಳಿಗೆ ಕನ್ನಡ ಮಾಸ್ತರರು ಬೇಕಾದರು. ಹೀಗೆ ಹಳ್ಳಿಯ ಹುಡುಗ ಪಟ್ಟಣಕ್ಕೆ ಬಂದು, ಮಾಸ್ತರನಾಗಿ, ಅಲ್ಲಿಯೇ ನಿಂತನು. ಅವರ ತಾಯಿ ಬೆಳಗಿನ ಜಾವಕ್ಕೆದ್ದು ಜೋಳ ಬೀಸುವಾಗ ಹಾಡುತ್ತಿದ್ದ ಪದಗಳಿಗೆ ಲೆಕ್ಕವಿರಲಿಲ್ಲ. ಹಿಟ್ಟಿನ ಗಿರಣಿ ಬಂದು ಬೀಸುಕಲ್ಲು ಹಿತ್ತಲು ಸೇರಿದಾಗ ಮಾಸ್ತರರಿಗೆ ದಿಗಿಲಾಯಿತು. ಒಂದು ಬೇಸಗೆಯ ರಜೆಯಲ್ಲಿ ತಾಯಿಯ ಮುಂದೆ ಕುಳಿತು ಆ ಪದಗಳನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಂಡರು. ತಾಯಿ ತೀರಿಕೊಂಡ ಮೇಲೆ ನೋಟುಬುಕ್ಕು ಟ್ರಂಕನ್ನು ಸೇರಿತು. "ಮುಂದೆ ಮಗನಿಗೆ ಕೊಡಬೇಕು" ಎಂದುಕೊಂಡರು. ಮಗ ಎಂಜಿನಿಯರನಾಗಿ ಅಮೆರಿಕಕ್ಕೆ ಹೋದನು. "ಮೊಮ್ಮಗಳಿಗೆ ಕೊಡಬೇಕು" ಎಂದುಕೊಂಡರು. ಮೊಮ್ಮಗಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ತಡವರಿಸಿ ಮಾತನಾಡಲೂ ಬರುತ್ತದೆ, ಓದಲು ಬಾರದು. ನೋಟುಬುಕ್ಕು ಟ್ರಂಕಿನಲ್ಲಿಯೇ ಉಳಿಯಿತು.

ಮಗನನ್ನು ದೂರುವುದಕ್ಕೂ ಕಾರಣವಿರಲಿಲ್ಲ. 1965ರಲ್ಲಿ ಅಮೆರಿಕವು ತನ್ನ ವಲಸೆಯ ಕಾಯ್ದೆಯನ್ನು ಬದಲಿಸಿ ಏಷ್ಯದವರಿಗೆ ಬಾಗಿಲು ತೆರೆದಂದಿನಿಂದ ಕನ್ನಡದ ಡಾಕ್ಟರರು, ಎಂಜಿನಿಯರರು ಅಲ್ಲಿಗೆ ಹೋಗುತ್ತಲೇ ಬಂದಿದ್ದಾರೆ. ಹೋದವರು ಸುಮ್ಮನಿರಲಿಲ್ಲ. ಊರೂರಿಗೆ ಕನ್ನಡ ಕೂಟಗಳನ್ನು ಕಟ್ಟಿದರು. ಉತ್ತರ ಅಮೆರಿಕದ ವೀರಶೈವ ಸಮಾಜ 1978ರಲ್ಲಿಯೇ ಹುಟ್ಟಿತು. ಕನ್ನಡ ಕೂಟಗಳ ಆಗರವಾದ 'ಅಕ್ಕ' ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನವನ್ನು 2000ದಲ್ಲಿ ಹ್ಯೂಸ್ಟನ್ನಿನಲ್ಲಿ ನಡೆಸಿತು. ಅಲ್ಲಿ ಯುಗಾದಿಗೆ ಹೋಳಿಗೆಯಾಗುತ್ತದೆ, ರಾಜ್ಯೋತ್ಸವಕ್ಕೆ ನಾಟಕವಾಗುತ್ತದೆ, ವಾರಕ್ಕೊಂದು ದಿನ ಮಕ್ಕಳಿಗೆ ಅಕ್ಷರಾಭ್ಯಾಸವೂ ಆಗುತ್ತದೆ. ಇತ್ತ ಕರ್ನಾಟಕದವರಿಗೂ ಅವರ ಬಾಳು ಕುತೂಹಲದ ವಿಷಯವೇ. 1997ರ 'ಅಮೆರಿಕ ಅಮೆರಿಕ' ಚಿತ್ರವನ್ನು ಜನ ಮುಗಿಬಿದ್ದು ನೋಡಿದ್ದು ಸುಮ್ಮನೆ ಅಲ್ಲ. ಊರು ಬಿಟ್ಟವನ ಎದೆಯಲ್ಲಿ ಏನಿದೆಯೆಂದು ಊರಿನಲ್ಲಿ ಉಳಿದವನಿಗೆ ತಿಳಿಯಬೇಕಾಗಿತ್ತು.

ಒಂದು ಶ್ರಾವಣದಲ್ಲಿ ಹದಿನಾಲ್ಕು ವರ್ಷದ ಆ ಮೊಮ್ಮಗಳು ಬಂದಳು. ಬಂದ ನಾಲ್ಕನೆಯ ದಿನ ಸಂಜೆ ಮಾಳಿಗೆಯ ಮೇಲೆ ಓಣಿಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿಕೊಂಡು ಕುಣಿತ ಕಲಿಸುತ್ತಿದ್ದಳು. ಹಾಡು ಇಂಗ್ಲಿಷಿನದಾಗಿರಲಿಲ್ಲ, ಹಿಂದಿಯದೂ ಅಲ್ಲ, ಕೊರಿಯದ್ದು. ಓಣಿಯ ಹುಡುಗಿಯರಿಗೂ ಅದು ಬಾಯಿಪಾಠವಾಗಿತ್ತೆಂಬುದು ಮಾಸ್ತರರಿಗೆ ಎರಡನೆಯ ಆಶ್ಚರ್ಯ. ರಾತ್ರಿ ಊಟಕ್ಕೆ ಕುಳಿತಾಗ ಅವರು ನಗುತ್ತಲೇ ಕೇಳಿದರು, "ಅಲ್ಲ ತಾಯಿ, ಅಷ್ಟು ದೂರ ಹೋಗಿ ಕೊರಿಯಾದ ಹಾಡು ಕಲಿತೀ ಏನು?"

ಹುಡುಗಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಮುತ್ಯಾ, ಅಲ್ಲಿ ನಮಗೆಲ್ಲಾರ್ಗೂ ಏಷ್ಯನ್ ಅಂತಾರ. ಕೊರಿಯಾದಾಕಿ, ವಿಯೆಟ್ನಾಮಿನಾಕಿ, ನಾನು, ಮೂವರೂ ಒಂದೇ ಬೆಂಚಿಗೆ ಕೂಡ್ತೀವಿ. ಅವರದು ನಾ ಕಲಿತೀನಿ. ನಂದು ಅವರಿಗೆ ಏನ್ ಕಲಿಸ್ಲಿ?"

"ನಿಂದು ಬೇಕಾದಷ್ಟು ಅದ ತಾಯಿ" ಎಂದರು ಮಾಸ್ತರರು. ಆದರೆ ಆ ಬೇಕಾದಷ್ಟರಲ್ಲಿ ಇಂಥದೊಂದು ಎಂದು ಬೆರಳು ಮಾಡಿ ತೋರಿಸಲು ಆ ಕ್ಷಣ ಅವರಿಂದಾಗಲಿಲ್ಲ. ರೊಟ್ಟಿಯ ಮೇಲೆ ಇನ್ನೊಂದಿಷ್ಟು ಬೆಣ್ಣೆ ಹಾಕಿದರು.

ಆ ಹುಡುಗಿಯ ಮಾತಿನಲ್ಲಿ ಯೋಚಿಸತಕ್ಕದ್ದಿದೆ. ಕಲಬುರಗಿಯಲ್ಲಿರುವ ಯಾರೂ ತಾನು ಏಷ್ಯದವನೆಂದು ಹೇಳಿಕೊಳ್ಳುವುದಿಲ್ಲ. ಸೋಲಿನಲ್ಲಿಯೂ ಸೈಗಾನಿನಲ್ಲಿಯೂ ಹೇಳಿಕೊಳ್ಳುವವರು ಕಡಿಮೆಯೇ. ಏಷ್ಯವನ್ನು ಬಿಟ್ಟ ಮೇಲೆಯೇ ಮನುಷ್ಯ ಏಷ್ಯದವನಾಗುವುದು! 'ಏಷ್ಯನ್ ಅಮೆರಿಕನ್' ಎಂಬ ಹೆಸರನ್ನು 1968ರಲ್ಲಿ ಕ್ಯಾಲಿಫೋರ್ನಿಯದ ಬರ್ಕಲಿಯಲ್ಲಿ ವಿದ್ಯಾರ್ಥಿಗಳು ಬಳಕೆಗೆ ತಂದರು. ಅದುವರೆಗೆ ಚೀನದವರು ಬೇರೆ, ಜಪಾನಿನವರು ಬೇರೆ, ಫಿಲಿಪೀನಿನವರು ಬೇರೆ. ಒಂದೇ ಬಗೆಯ ಅವಮಾನವನ್ನುಂಡವರು ಒಂದೇ ಹೆಸರಿನಡಿಯಲ್ಲಿ ನಿಂತರೆ ಬಲ ಬಂದೀತೆಂಬುದು ಅವರ ಎಣಿಕೆಯಾಗಿತ್ತು. ಆಮೇಲೆ ಹೋದ ಭಾರತೀಯರ ಮಕ್ಕಳಿಗೂ ಆ ಹೆಸರು ತಗಲಿತು. ಹೆಸರು ಒಂದಾದ ಮೇಲೆ ಬೆಂಚು ಒಂದಾಯಿತು. ಬೆಂಚು ಒಂದಾದ ಮೇಲೆ ಹಾಡೂ ಒಂದಾದರೆ ಅದರಲ್ಲಿ ತಪ್ಪೇನು?

ಮರುದಿನ ಮಾಸ್ತರರು ಮೊಮ್ಮಗಳಿಗೆ ಊರು ತೋರಿಸಲು ಹೊರಟರು. ಮೊದಲು ಕೋಟೆ, ಅಲ್ಲಿಯ ಜಾಮಿ ಮಸೀದಿ. ಅದರ ಮರುದಿನ ಶ್ರಾವಣ ಸೋಮವಾರ. ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗದಿರುವುದುಂಟೆ?

ಶ್ರಾವಣದಲ್ಲಿ ಆ ಗುಡಿಯ ಅಂಗಳಕ್ಕೆ ಹೋದವರು ಬಲ್ಲರು. ಸುತ್ತಣ ಹಳ್ಳಿಗಳಿಂದ ಕಾಲುನಡಿಗೆಯಲ್ಲಿ ಬಂದವರು, ಕೈಯಲ್ಲಿ ಕಾಯಿ ಕರ್ಪೂರ ಹಿಡಿದವರು, ಹೆಗಲ ಮೇಲೆ ಕೂಸು ಹೊತ್ತವರು ಅಲ್ಲಿ ಕಿಕ್ಕಿರಿದಿರುತ್ತಾರೆ. ಅಲ್ಲಿ ನೆಲೆಸಿದ ಶರಣಬಸಪ್ಪನವರಾದರೂ ಕಲಬುರಗಿಯಲ್ಲಿ ಹುಟ್ಟಿದವರಲ್ಲ. 1746ರಲ್ಲಿ ಜೇವರ್ಗಿಯ ಕಡೆಯ ಅರಳಗುಂಡಗಿಯಲ್ಲಿ ಹುಟ್ಟಿದವರು. ಒಕ್ಕಲುತನ ಮಾಡಿದರು, ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ ತಿನ್ನಲು ಬಿಟ್ಟರೆಂದು ಜನ ಇಂದಿಗೂ ಹೇಳುತ್ತಾರೆ. ಹುಟ್ಟೂರನ್ನು ಬಿಟ್ಟು ಕಲಬುರಗಿಗೆ ಬಂದು, ಬಂದವರಿಗೆಲ್ಲ ಅನ್ನವಿಕ್ಕುವ ದಾಸೋಹವನ್ನು ನಡೆಸಿ, 1822ರಲ್ಲಿ ಲಿಂಗೈಕ್ಯರಾದರು. ಅವರ ಸಮಾಧಿಯ ಮೇಲೆಯೇ ಈ ಗುಡಿ ಎದ್ದಿತು. ದಾಸೋಹದ ಪಂಕ್ತಿಯಲ್ಲಿ ಕುಳಿತವನನ್ನು 'ನೀನು ಯಾವ ಊರಿನವನು?' ಎಂದು ಕೇಳಿ ಬಡಿಸುವ ಪದ್ಧತಿಯಿಲ್ಲ.

ದರ್ಶನವಾದ ಮೇಲೆ ಹುಡುಗಿ ಸಭಾಮಂಟಪದಲ್ಲಿ ನಿಂತಳು. ಅಲ್ಲಿ ಮೂವತ್ತಾರು ಕಂಬಗಳು. ಒಂದೊಂದರ ನಾಲ್ಕು ಮೈಗೂ ಎಲೆ, ಬಳ್ಳಿ, ಹೂವು, ಹಕ್ಕಿ, ಆನೆಗಳ ಕೆತ್ತನೆ. ಆಕೆ ಹಕ್ಕಿಗಳನ್ನು ಎಣಿಸುತ್ತ ಎಣಿಸುತ್ತ ತಲೆಯೆತ್ತಿ, ಕಂಬದಿಂದ ಕಂಬಕ್ಕೆ ಬಾಗಿದ ಕಮಾನುಗಳನ್ನು ನೋಡಿದಳು. "ಮುತ್ಯಾ, ನಿನ್ನೆ ಕಿಲ್ಲಾದಾಗ ನೋಡಿದ್ವಲ್ಲ, ಅಲ್ಲೂ ಕಮಾನು, ಇಲ್ಲೂ ಕಮಾನು. ಇವು ಯಾರವು?"

ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದವರು ಮಾಸ್ತರರು. 'ಇವು ಯಾರವು' ಎಂಬ ಪ್ರಶ್ನೆಯನ್ನು ಅವರ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಅದಕ್ಕೆ ಉತ್ತರ ಹೇಳಬೇಕಾದರೆ ಆರೂವರೆ ಶತಮಾನ ಹಿಂದಕ್ಕೆ ಹೋಗಬೇಕು.

1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು. ಕಲಬುರಗಿ ಅದರ ರಾಜಧಾನಿಯಾಯಿತು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಅದರ ಶಾಸನದಲ್ಲಿ ರಫೀ ಎಂಬವನ ಹೆಸರಿದೆ. ಅವನ ಮನೆತನದ ಊರು ಇರಾನಿನ ಖಜ್ವೀನ್. ಮಸೀದಿಯೆಂದರೆ ನಡುವೆ ಬಯಲು ಅಂಗಳವಿರುವುದು ವಾಡಿಕೆ. ಇಲ್ಲಿ ಹಾಗಲ್ಲ, ಸುಮಾರು 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡಕ್ಕೆ ಮಾಡಿದೆ. ಒಂದು ಹಿರಿಯ ಗುಮ್ಮಟ, ಮೂಲೆಗೊಂದರಂತೆ ನಾಲ್ಕು, ನಡುವೆ ಹತ್ತಾರು ಕಿರಿಯವು. ಒಳಗೆ ಕಮಾನಿನ ಹಿಂದೆ ಕಮಾನು. ಬಲ್ಲವರು ಅದನ್ನು ಕಂಡಾಗ ಸ್ಪೇನಿನ ಕಾರ್ಡೋವಾದ ಮಸೀದಿಯನ್ನು ನೆನೆಯುತ್ತಾರೆ.

ಆ ಕಾಲದಲ್ಲಿ ಇರಾನಿನಿಂದ, ತುರ್ಕಿಯಿಂದ, ಮಧ್ಯ ಏಷ್ಯದಿಂದ ದಖನ್ನಿಗೆ ಬಂದವರು ಸಾವಿರಾರು ಜನ. ಕುದುರೆಯ ವ್ಯಾಪಾರಿಗಳು, ಸಿಪಾಯಿಗಳು, ಲಿಪಿಕಾರರು, ಕವಿಗಳು, ಸಂತರು ಎಲ್ಲರೂ ಅವರಲ್ಲಿದ್ದರು. 1397ರಲ್ಲಿ ಪಟ್ಟಕ್ಕೆ ಬಂದ ಫಿರೋಜ್ ಷಹನು ಗುಣವಂತರನ್ನು ಕರೆತರಲು ವರ್ಷವರ್ಷವೂ ಹಡಗುಗಳನ್ನು ಕಳಿಸುತ್ತಿದ್ದನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಬರೆದ ಫಿರಿಸ್ತಾನೂ ಇರಾನಿನ ಅಸ್ತ್ರಾಬಾದಿನಲ್ಲಿ ಹುಟ್ಟಿ ಬಿಜಾಪುರದಲ್ಲಿ ನೆಲೆಸಿದವನೇ. ಫಿರೋಜನಿಗಿಂತ ಮೊದಲು ಶಿರಾಜದ ಮಹಾಕವಿ ಹಾಫಿಜನಿಗೂ ಕಲಬುರಗಿಯ ದರ್ಬಾರಿನಿಂದ ಕರೆ ಹೋಗಿತ್ತಂತೆ. ಕವಿ ಹುರ್ಮುಜ್ ಬಂದರದವರೆಗೆ ಬಂದು, ಹಡಗನ್ನೂ ಹತ್ತಿ, ಬಿರುಗಾಳಿಯೆದ್ದುದನ್ನು ಕಂಡು ಇಳಿದು ಮನೆಗೆ ಮರಳಿದನೆಂದು ಕತೆ. ಎಲ್ಲರಿಗೂ ಊರು ಬಿಡುವ ಎದೆ ಇರುವುದಿಲ್ಲ, ಮಹಾಕವಿಗೂ ಇರಲಿಲ್ಲ. ಆ ಎದೆ ಇನ್ನೊಬ್ಬ ವೃದ್ಧರಿಗಿತ್ತು. 1398ರಲ್ಲಿ ತೈಮೂರನ ದಂಡು ದಿಲ್ಲಿಯ ಮೇಲೆ ಬಂದಾಗ ಖ್ವಾಜಾ ಬಂದೇನವಾಜರು ಆ ನಗರವನ್ನು ಬಿಟ್ಟರು. ಕಲಬುರಗಿಗೆ ಬಂದಾಗ ಅವರಿಗೆ ಎಂಬತ್ತರ ಸಮೀಪ. 1422ರಲ್ಲಿ ಇಲ್ಲಿಯೇ ಮಣ್ಣಾದರು. ಅವರ ದರ್ಗಾದ ಉರುಸಿಗೆ ಇಂದಿಗೂ ಎಲ್ಲ ಮತದವರೂ ಹೋಗುತ್ತಾರೆ.

ಹೀಗೆ ಬಂದವರನ್ನು ಇಲ್ಲಿಯವರು ಒಟ್ಟಾಗಿ 'ಆಫಾಕಿ'ಗಳೆಂದು ಕರೆದರು. ದಿಗಂತದಾಚೆಯವರು ಎಂದು ಅದರ ಅರ್ಥ. 'ಗರೀಬ'ರೆಂದೂ ಕರೆದರು. ಗೀಲಾನಿನವನಾಗಲಿ ಖುರಾಸಾನಿನವನಾಗಲಿ ತನ್ನೂರಿನಲ್ಲಿ ಎಂದೂ ಆಫಾಕಿಯಾಗಿರಲಿಲ್ಲ. ಕಲಬುರಗಿಗೆ ಬಂದು ಆದನು. ಡಲ್ಲಾಸಿನ ಶಾಲೆಯ ಬೆಂಚಿನ ಮೇಲೆ ಮಾಸ್ತರರ ಮೊಮ್ಮಗಳು ಏಷ್ಯನ್ ಆದಂತೆಯೇ. ಅವರಿಗೆ ಎದುರಾಗಿ ನಿಂತವರು 'ದಖನಿ'ಗಳು, ಅಂದರೆ ನೆಲದ ಮಕ್ಕಳು ನಾವು ಎಂದವರು. ಅವರಲ್ಲಿ ಬಹುಮಂದಿಯ ಹಿರಿಯರಾದರೂ 1327ರ ಸುಮಾರಿಗೆ ತುಘಲಕನು ರಾಜಧಾನಿಯನ್ನು ದೌಲತಾಬಾದಿಗೆ ಬದಲಿಸಿದಾಗ ದಿಲ್ಲಿಯಿಂದ ಬಂದವರೇ! ಮೊದಲ ಬಂಡಿಯಲ್ಲಿ ಬಂದವನು ಎರಡನೆಯ ಬಂಡಿಯವನನ್ನು ಪರದೇಶಿಯೆನ್ನುವುದು ಲೋಕರೂಢಿ.

ಆ ಜಗಳ ಬರಿಯ ಮಾತಿನದಾಗಿ ಉಳಿಯಲಿಲ್ಲ. ರಾಜಧಾನಿ ಬೀದರಕ್ಕೆ ಹೋದ ಮೇಲೆ ಗೀಲಾನಿನಿಂದ ವ್ಯಾಪಾರಕ್ಕೆಂದು ಬಂದ ಮಹಮೂದ್ ಗವಾನ್ ಮಂತ್ರಿಯಾದನು. 1472ರಲ್ಲಿ ಅಲ್ಲಿ ಮದರಸಾ ಕಟ್ಟಿಸಿದನು. ಇರಾನಿನ ಬಣ್ಣದ ಹೆಂಚುಗಳು ಇಂದಿಗೂ ಅದರ ಗೋಡೆಯಲ್ಲಿ ಮಿನುಗುತ್ತಿವೆ. ಎದುರಾಳಿಗಳು ಅವನ ಮೊಹರು ಬಿದ್ದ ಸುಳ್ಳು ಪತ್ರವೊಂದನ್ನು ಹುಟ್ಟಿಸಿ ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ಆ ಮುದಿಮಂತ್ರಿಯ ತಲೆ ಉರುಳಿತು. ಕೆಲವೇ ವರ್ಷಗಳಲ್ಲಿ ರಾಜ್ಯವೂ ಐದು ತುಂಡಾಯಿತು. ಯಾರು ಒಳಗಿನವರು, ಯಾರು ಹೊರಗಿನವರು ಎಂಬ ವಾದಕ್ಕೆ ಒಂದು ಸಾಮ್ರಾಜ್ಯವನ್ನು ತೆತ್ತ ನೆಲ ಇದು.

ಇಷ್ಟೆಲ್ಲ ಆದ ಮೇಲೆ ಆ ಪರದೇಶಿಗಳ ಬುತ್ತಿಯಲ್ಲಿ ಉಳಿದದ್ದೇನು, ಅಳಿದದ್ದೇನು?

ಮೊದಲು ಅಳಿದದ್ದನ್ನು ಹೇಳಬೇಕು. ಅದನ್ನು ಮುಚ್ಚಿಡುವುದು ಸರಿಯಲ್ಲ. ಅವರು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿದ ಪಾರಸಿ ಭಾಷೆ ಹೋಯಿತು. ದರ್ಬಾರಿನಲ್ಲಿ ಅದು ಶತಮಾನಗಳ ಕಾಲ ಮೆರೆಯಿತು, ಕಾಗದಪತ್ರಗಳಲ್ಲಿ ನಡೆಯಿತು. ಆದರೆ ಇಂದು ಕಲಬುರಗಿಯ ಯಾವ ತಾಯಿಯೂ ಪಾರಸಿಯಲ್ಲಿ ಜೋಗುಳ ಹಾಡುವುದಿಲ್ಲ. ಗತ್ತಿನ ಭಾಷೆಯೆಂದು ಯಾವುದನ್ನು ಎತ್ತರದಲ್ಲಿಟ್ಟರೋ ಅದು ಅಡಿಗೆಮನೆಗೆ ಇಳಿಯಲಿಲ್ಲ, ಇಳಿಯದ್ದರಿಂದ ಬಾಳಲಿಲ್ಲ.

ಉಳಿದದ್ದೆಲ್ಲ ನೆರೆಯವರ ಕೈಗೆ ಹೋದದ್ದು. ಕನ್ನಡ ಮಾತನಾಡುವವನು ಕಾಗದ, ಕುರ್ಚಿ, ರಸ್ತೆ, ಜಮೀನು, ಗುಲಾಬಿ ಎನ್ನುವಾಗ ಅವು ಎಲ್ಲಿಂದ ಬಂದವೆಂದು ಯೋಚಿಸುವುದಿಲ್ಲ. ಕಮಾನು ಕಟ್ಟುವ ವಿದ್ಯೆ ಇಲ್ಲಿಯ ಕಲ್ಲುಕುಟಿಗರ ಕೈಗೆ ಬಂದಿತು. ಇಲ್ಲಿಯವರ ಕೈಚಳಕವೂ ಅತ್ತ ಹೋಗದಿರಲಿಲ್ಲ. ಊರ ಹೊರಗಿನ ಸಾತ್ ಗುಂಬಜಿನಲ್ಲಿ ಫಿರೋಜನ ಗೋರಿಯನ್ನು ನೋಡಿದರೆ ಗುಡಿ ಕಟ್ಟುವವರ ಉಳಿಯ ಗುರುತು ಕಾಣಿಸುತ್ತದೆ. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಹನು 'ಕಿತಾಬ್-ಎ-ನವರಸ'ವನ್ನು ರಚಿಸಿದಾಗ ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು. ಅದರ ಭಾಷೆ ಪಾರಸಿಯಲ್ಲ, ಸಂತೆಯಲ್ಲಿ ಹುಟ್ಟಿದ ದಖನಿ.

ಅದೇ ದಖನಿಯಲ್ಲಿ 'ಚಕ್ಕೀನಾಮಾ' ಎಂಬೊಂದು ಬಗೆಯ ಹಾಡುಗಳಿವೆ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಸೂಫಿ ಸಂತರು ದೊಡ್ಡ ದೊಡ್ಡ ಪಾರಸಿ ಗ್ರಂಥಗಳನ್ನು ಪಂಡಿತರಿಗೆ ಬರೆದರು. ಆದರೆ ಹೆಣ್ಣುಮಕ್ಕಳಿಗೆ ಹೇಳಬೇಕಾದಾಗ ಅವರು ಆರಿಸಿಕೊಂಡದ್ದು ಬೀಸುಕಲ್ಲಿನ ಪದದ ಧಾಟಿಯನ್ನು. ಹೆಂಗಸರು ಕಲ್ಲು ತಿರುವುತ್ತ ದೇವರ ಹೆಸರು ಹೇಳಿಕೊಂಡರು. ದಿಗಂತದಾಚೆಯಿಂದ ಬಂದ ತತ್ತ್ವ ಕೊನೆಗೆ ನೆಲೆ ನಿಂತದ್ದು ಹಿಟ್ಟು ಬೀಸುವ ಜಾಗದಲ್ಲಿ! ಅಂದಿನ ದಿನಗಳಿಗೆ ಜನಪ್ರಿಯ ಹಾಡೆಂದರೆ ಅದೇ.

ಮೊಹರಮಿನ ಕತೆಯೂ ಇಂಥದೇ. ಕರ್ಬಲಾ ಇರುವುದು ಇರಾಕಿನಲ್ಲಿ. ಅಲ್ಲಿ ಬಿದ್ದ ವೀರರಿಗಾಗಿ ಕಲಬುರಗಿ, ರಾಯಚೂರು, ಬಿಜಾಪುರಗಳ ಹಳ್ಳಿಗಳಲ್ಲಿ ರಿವಾಯತ್ ಪದ ಹಾಡುತ್ತಾರೆ, ಅಚ್ಚ ಕನ್ನಡದಲ್ಲಿ. ಹಾಡುವವರಲ್ಲಿ ಲಿಂಗವಂತರಿದ್ದಾರೆ, ಕುರುಬರಿದ್ದಾರೆ. ಮುಸಲ್ಮಾನರ ಮನೆಯೊಂದೂ ಇಲ್ಲದ ಹಳ್ಳಿಗಳಲ್ಲಿಯೂ ಅಲಾಯಿ ಕುಣಿತ ನಿಂತಿಲ್ಲ. ತಂದವರ ಭಾಷೆ ಸತ್ತಿತು, ಕೇಳಿದವರ ಭಾಷೆಯಲ್ಲಿ ಅವರ ಕಣ್ಣೀರು ಬದುಕಿತು.

ಇವನ್ನೆಲ್ಲ ಮಾಸ್ತರರು ಓದಿ ಬಲ್ಲವರೇ. ಗುಡಿಯ ಕಟ್ಟೆಯ ಮೇಲೆ ಕುಳಿತು ಮೊಮ್ಮಗಳಿಗೆ ತಿಳಿಯುವಷ್ಟನ್ನು ಬಿಡಿಸಿ ಹೇಳಿದರು. ಚಕ್ಕೀನಾಮಾದ ಮಾತು ಬಂದಾಗ ಹುಡುಗಿ ತಡೆದಳು. "ಮುತ್ಯಾ, ಬೀಸೋ ಕಲ್ಲಿನ ಹಾಡು ಅಂದ್ರ? ನಮ್ಮನ್ಯಾಗ ಯಾರರ ಹಾಡ್ತಿದ್ರೇನು?"

ಮಾಸ್ತರರು ತುಸು ಹೊತ್ತು ಮಾತನಾಡಲಿಲ್ಲ. ಮನೆಗೆ ಹೋದವರೇ ಟ್ರಂಕು ತೆರೆದರು.

ನೋಟುಬುಕ್ಕಿನ ಅಂಚುಗಳನ್ನು ನುಸಿ ತಿಂದಿತ್ತು. ಕಡೆಯ ಏಳೆಂಟು ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬಾರದಂತಾಗಿದ್ದವು. ಭದ್ರವಾಗಿರಲೆಂದು ಬೀಗ ಹಾಕಿಟ್ಟದ್ದೇ ಹಾಳಾಗಿತ್ತು. ಅವರು ಉಳಿದ ಹಾಳೆಗಳಲ್ಲೊಂದನ್ನು ಓದಿದರು. ಓದಿದಂತೆ ಇತ್ತೇ ಹೊರತು ಹಾಡಿದಂತೆ ಇರಲಿಲ್ಲ. ಐವತ್ತು ವರ್ಷಕ್ಕಿಂತ ಹಿಂದೆ ಮಾತುಗಳನ್ನು ಬರೆದುಕೊಂಡಿದ್ದರು, ಧಾಟಿಯನ್ನು ಹಿಡಿದಿಟ್ಟುಕೊಳ್ಳಲು ಅವರಲ್ಲಿ ಉಪಾಯವಿರಲಿಲ್ಲ. ಧಾಟಿ ಇದ್ದದ್ದು ಅಡಿಗೆಮನೆಯಲ್ಲಿ. ಅತ್ತೆಯ ಎದುರು ಕುಳಿತು, ಅದೇ ಗೂಟಕ್ಕೆ ಕೈಕೊಟ್ಟು ಬೀಸಿದ ಸೊಸೆ ಮಾಸ್ತರರ ಹೆಂಡತಿಯೇ ಅಲ್ಲವೆ? ಆಕೆ ಆ ನೋಟುಬುಕ್ಕನ್ನು ಎಂದೂ ತೆರೆದವರಲ್ಲ. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಗೋಡೆಗೊರಗಿ ಕುಳಿತು, ಬಲಗೈಯನ್ನು ನೆಲದ ಮೇಲೆ ಸುತ್ತಿಗೆ ತಿರುವುತ್ತ ಹಾಡತೊಡಗಿದರು. ಕಲ್ಲಿಲ್ಲದಿದ್ದರೂ ಕೈ ತಿರುಗಬೇಕು. ಇಲ್ಲವಾದರೆ ಪದ ನೆನಪಾಗುವುದಿಲ್ಲ. ಅವರು ಮರೆತಲ್ಲಿ ಮಾಸ್ತರರು ಪುಸ್ತಕ ನೋಡಿ ಎತ್ತಿಕೊಟ್ಟರು. ಪುಸ್ತಕದಲ್ಲಿ ನುಸಿ ತಿಂದಿದ್ದಲ್ಲಿ ಅವರೇ ತುಂಬಿಕೊಟ್ಟರು. ಮೊಮ್ಮಗಳು ತನ್ನ ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡಳು.

ಆಮೇಲೆ ತಾನೂ ಹಾಡಿದಳು. 'ಜೋಳ' ಎನ್ನಬೇಕಾದಲ್ಲಿ 'ಜೋಲ' ಎಂದಳು. ಮಾಸ್ತರರು ತಿದ್ದಿದರು. ಮತ್ತೆ 'ಜೋಲ'. ಮತ್ತೆ ತಿದ್ದಿದರು. ಮೂರನೆಯ ಸಲ ಅವರ ಮುಖ ಗಂಟಿಕ್ಕಿತು. ಆಗ ಅವರ ಹೆಂಡತಿ, "ಬಿಡ್ರಿ, ಕೂಸು ಹಾಡ್ಲಿ. ಬೀಸೋ ಕಲ್ಲು ಅದ್ಯಾವುದೂ ಕೇಳಂಗಿಲ್ಲ" ಎಂದರು.

"ಅಲ್ಲಿ ನನ್ನ ಗೆಳತ್ಯಾರಿಗೆ ಕಲಿಸ್ತೀನಿ ಆಯಿ. ಇದಕ್ಕ ಕೈ ತಿರುವೂದು ಅದ, ಅದನ್ನೇ ಕುಣಿತ ಮಾಡಬಹುದು" ಎಂದಳು ಹುಡುಗಿ. ಮಾಸ್ತರರ ಎದೆ ಝಲ್ಲೆಂದಿತು. ಕೊರಿಯದ ಹುಡುಗಿ, ವಿಯೆಟ್ನಾಮಿನ ಹುಡುಗಿ, ತನ್ನ ತಾಯಿಯ ಪದ, ಅದರ ಹಿಂದೆ ಇನ್ನಾವ ವಾದ್ಯವೋ! ಬೇಡವೆನ್ನಲು ಬಾಯಿ ತೆರೆದರು. ಸೂಫಿಗಳು ಆ ಧಾಟಿಯನ್ನು ಎತ್ತಿಕೊಂಡು ಹೋದಾಗ ಯಾವ ಅಜ್ಜಿಯ ಅಪ್ಪಣೆ ಕೇಳಿದ್ದರು ಎಂಬುದು ಗುಡಿಯ ಕಟ್ಟೆಯ ಮೇಲೆ ತಾವೇ ಹೇಳಿದ ಪಾಠದಿಂದ ನೆನಪಾಯಿತೋ ಏನೋ, ತೆರೆದ ಬಾಯಿಯನ್ನು ಮುಚ್ಚಿದರು. ನೋಟುಬುಕ್ಕನ್ನು ಮತ್ತೆ ಟ್ರಂಕಿನಲ್ಲಿಡಲಿಲ್ಲ. ಹಾಳೆಹಾಳೆಯಾಗಿ ಚಿತ್ರ ತೆಗೆದುಕೊಳ್ಳಲು ಅವಳ ಕೈಗೇ ಕೊಟ್ಟರು.

ಇದರಿಂದ ಕನ್ನಡ ಉಳಿಯಿತೆಂದು ಸಂಭ್ರಮಪಡುವುದು ಅವಸರವಾದೀತು. ಡಲ್ಲಾಸಿನ ಆ ಹುಡುಗಿಯ ಮಕ್ಕಳು ಕನ್ನಡವಾಡದೆ ಹೋಗಬಹುದು. ಖಜ್ವೀನದವರ ಮೊಮ್ಮಕ್ಕಳಿಗೆ ಆದದ್ದು ಕನ್ನಡದವರ ಮೊಮ್ಮಕ್ಕಳಿಗೆ ಆಗಬಾರದೆಂದು ಕಾಲ ಯಾರಿಗೂ ಮಾತು ಕೊಟ್ಟಿಲ್ಲ. ಭಾಷೆ ಉಳಿಯಬೇಕಾದರೆ ಅದರಲ್ಲಿ ಮುದ್ದಾಡಬೇಕು, ಗದರಿಸಬೇಕು, ಉಪ್ಪು ಸಾಲದೆಂದು ಹೇಳಬೇಕು. ವರ್ಷಕ್ಕೆರಡು ಸಮಾರಂಭ ಮಾಡಿದರೆ ಸಾಲದು. ಆ ದುಃಖ ದುಃಖವೇ. ಆದರೆ ಎಲ್ಲವೂ ಹೋಗುವುದಿಲ್ಲ. ಏನು ಉಳಿಯುತ್ತದೆಂಬುದನ್ನು ಹೋದವರು ಆರಿಸುವುದಿಲ್ಲ; ಅವರ ನೆರೆಯವರು ಆರಿಸುತ್ತಾರೆ. ಬುತ್ತಿಯನ್ನು ಬಿಚ್ಚಿ ಪಕ್ಕದವನಿಗೆ ಒಂದು ತುತ್ತು ಕೊಟ್ಟವನ ಅಡಿಗೆಯ ರುಚಿ ಮಾತ್ರ ಆ ಊರಿನಲ್ಲಿ ನಿಲ್ಲುತ್ತದೆ. ಬುತ್ತಿಯನ್ನು ಬಿಚ್ಚದೆ ಕಾದವನದು ಬೂಸಲು ಹಿಡಿಯುತ್ತದೆ.

ಹೋಳಿ ಹುಣ್ಣಿಮೆಯಾದ ಐದನೆಯ ದಿನ ಶರಣಬಸವೇಶ್ವರರ ತೇರು ಎಳೆಯುತ್ತಾರೆ. ಲಕ್ಷ ಜನ ಸೇರುತ್ತಾರೆ. ತೇರು ಅಲುಗಿದೊಡನೆ ನಾಲ್ಕೂ ಕಡೆಯಿಂದ ಬಾಳೆಹಣ್ಣು, ಉತ್ತತ್ತಿಗಳು ಕಳಸದತ್ತ ಹಾರುತ್ತವೆ. ಬಾಳೆ ಈ ಸೀಮೆಯ ತೋಟದ್ದು. ಉತ್ತತ್ತಿ ಕಲಬುರಗಿಯ ಕಪ್ಪು ಎರೆಯಲ್ಲಿ ಬೆಳೆಯುವುದಲ್ಲ. ಮರಳುಗಾಡಿನ ಖರ್ಜೂರವನ್ನು ಒಣಗಿಸಿ ಕಡಲು ದಾಟಿಸಿ ತಂದದ್ದು. ರಫೀಯ ಕಡೆಯವರು ಬಂದ ದಾರಿಯಲ್ಲಿಯೇ ಅದೂ ಬಂದಿರಬೇಕು. ತೇರಿಗೆ ಎಸೆಯುವ ರೈತನಿಗೆ ಅದು ದೇವರಿಗೆ ಸಲ್ಲುವ ಹಣ್ಣು, ಅಷ್ಟೆ. ಎರಡೂ ಒಟ್ಟಿಗೆ ಹಾರಿ, ತೇರಿಗೆ ತಗಲಿ, ಒಟ್ಟಿಗೆ ಕೆಳಗೆ ಬೀಳುತ್ತವೆ. ಕೆಳಗಿದ್ದವರು ಅವನ್ನು ಪ್ರಸಾದವೆಂದು ಸೆರಗಿನಲ್ಲಿ ಹಿಡಿದುಕೊಳ್ಳುತ್ತಾರೆ.